ಮೂರು ಕಿಟಕಿಗಳಿಗೊಂದು ಮನೆ

ಅನುವಾದಕ್ಕೆ ಕುಳಿತಾಗ ನನ್ನ ಪರದೆಯ ಮೇಲೆ ಮೂರು ಕಿಟಕಿಗಳು ತೆರೆದಿರಬೇಕು. ಎಡಕ್ಕೆ ಮೂಲ ಪಠ್ಯ, ಬಲಕ್ಕೆ ನನ್ನ ಕನ್ನಡ, ಇವೆರಡರ ಆಸುಪಾಸಿನಲ್ಲಿ ಎಲ್ಲಾದರೂ ನಿಘಂಟು. ತೊಂದರೆ ಇರುವುದೇ ಈ ಮೂರನೆಯದರಲ್ಲಿ. ಅದನ್ನು ಮುಂದಕ್ಕೆ ತಂದರೆ ಮೂಲ ಮುಚ್ಚಿಹೋಗುತ್ತದೆ. ಹಿಂದಕ್ಕೆ ತಳ್ಳಿದರೆ ಮುಂದಿನ ಪದ ಬಂದಾಗ ಮತ್ತೆ ಹುಡುಕಬೇಕು. ಒಂದು ದಿನ ಬೇಸತ್ತು ಪಕ್ಕದಲ್ಲಿ ಹಾಳೆ ಇಟ್ಟುಕೊಂಡೆ. ಕಿಟಕಿಯನ್ನು ಸರಿಸುವುದಕ್ಕೋ ಹಿಗ್ಗಿಸುವುದಕ್ಕೋ ಹುಡುಕುವುದಕ್ಕೋ ಮೌಸಿಗೆ ಕೈ ಹಾಕಿದಾಗಲೆಲ್ಲ ಒಂದೊಂದು ಗೀಟು ಎಳೆಯುತ್ತ ಹೋದೆ. ಸಂಜೆ ಎಣಿಸಿದಾಗ 143 ಗೀಟುಗಳಿದ್ದವು. ಕಟ್ಟುತ್ತಿದ್ದ ವಾಕ್ಯವನ್ನು ಅಷ್ಟು ಸಲ ನಡುವೆಯೇ ಬಿಟ್ಟು ಎದ್ದ ಹಾಗೆ ಅದು. ವಾಕ್ಯವೊಂದು ತಲೆಯಲ್ಲಿ ಕೂಡಿಬರುವ ಹೊತ್ತಿಗೆ ಕೈ ಬೇರೆ ಕೆಲಸಕ್ಕೆ ಹೋದರೆ ಅದರ ಲಯ ಚದುರಿಹೋಗುತ್ತದೆ. ಮತ್ತೆ ಹಿಡಿಯಲು ಹೊರಟರೆ ಸಿಗುವುದು ಬೇರೆಯೇ ವಾಕ್ಯ.

ಆಗ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸಲು ಶುರುಮಾಡಿ ಐದಾರು ವರ್ಷಗಳಾಗಿದ್ದವು. ಮೊದಲು ಹಾಕಿಕೊಂಡ ಡಿಸ್ಟ್ರೋದೊಡನೆ (ಲಿನಕ್ಸಿನ ಸಿದ್ಧ ಕಟ್ಟು) ಗ್ನೋಮ್ ಎಂಬ ಡೆಸ್ಕ್‌ಟಾಪ್ (ಕಿಟಕಿ, ಮೆನುಗಳನ್ನು ತೋರಿಸುವ ವ್ಯವಸ್ಥೆ) ಬಂದಿತ್ತು, ಅದರಲ್ಲೇ ಇದ್ದುಬಿಟ್ಟಿದ್ದೆ. ಡೆಸ್ಕ್‌ಟಾಪ್ ಎಂಬುದನ್ನು ಬೇರೆಯಾಗಿ ಆರಿಸಿಕೊಳ್ಳಬಹುದು ಎಂದು ಕೇಳಿ ಬಲ್ಲವನೇ ಹೊರತು ಮಾಡಿ ನೋಡಿದವನಲ್ಲ.

ಈ ಆಯ್ಕೆ ಎಲ್ಲಿಂದ ಬಂತು ಎಂದು ಮೊದಲು ಓದಿಕೊಂಡೆ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಪರದೆಯ ಮೇಲೆ ಚಿತ್ರಿಸುವ ಸಾಧನವನ್ನಷ್ಟೇ ಒದಗಿಸಿತು. ಕಿಟಕಿಯ ಅಂಚು ಹೇಗಿರಬೇಕು, ಯಾವುದರ ಮೇಲೆ ಯಾವುದು ಕೂರಬೇಕು ಎಂಬ ತೀರ್ಮಾನಗಳನ್ನು ಅದು ಬೇಕೆಂದೇ ಬೇರೊಂದು ಪ್ರೋಗ್ರಾಮಿಗೆ ಬಿಟ್ಟುಕೊಟ್ಟಿತು. ಅದೇ ವಿಂಡೋ ಮ್ಯಾನೇಜರ್. ಹಾಗೆ ಬಿಟ್ಟುಕೊಟ್ಟದ್ದರಿಂದ ಹತ್ತಾರು ವಿಂಡೋ ಮ್ಯಾನೇಜರ್‌ಗಳು ಹುಟ್ಟಿದವು, ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಮುಖವಾಯಿತು. ಸಾಮಾನ್ಯ ಬಳಕೆದಾರನಿಗೆ ಎಲ್ಲವೂ ಒಂದೇ ರೀತಿ ಕಾಣುವ, ಒಂದೇ ರೀತಿ ನಡೆಯುವ ವ್ಯವಸ್ಥೆ ಬೇಕೆಂದು ಮಥಿಯಾಸ್ ಎಟ್ರಿಚ್ 1996ರಲ್ಲಿ ಕೆಡಿಇ ಯೋಜನೆ ಆರಂಭಿಸಿದರು. ಅದು ನೆಚ್ಚಿಕೊಂಡಿದ್ದ ಕ್ಯೂಟಿ ಎಂಬ ಸಿದ್ಧ ಕೋಡಿನ ಲೈಬ್ರರಿಯ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಆ ಕಾರಣಕ್ಕೆ 1997ರಲ್ಲಿ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಆರಂಭಿಸಿದರು. ಇಂಥ ಡೆಸ್ಕ್‌ಟಾಪ್ ಪರಿಸರವೆಂದರೆ ತುಂಬು ಸಂಸಾರ: ವಿಂಡೋ ಮ್ಯಾನೇಜರ್, ಪ್ಯಾನೆಲ್, ಕಡತಗಳ ಮ್ಯಾನೇಜರ್, ಸೆಟ್ಟಿಂಗ್ಸ್, ಜೊತೆಗೆ ಕಣ್ಣಿಗೆ ಬೀಳದೆ ದುಡಿಯುವ ಹಲವು ಸಣ್ಣ ಪ್ರೋಗ್ರಾಮುಗಳು. ಬರೀ ವಿಂಡೋ ಮ್ಯಾನೇಜರ್ ಎಂದರೆ ಆ ಸಂಸಾರದ ಒಬ್ಬ ಸದಸ್ಯ ಮಾತ್ರ. ಇದನ್ನು ಓದಿ, ಅರ್ಥವಾಯಿತು ಎಂದುಕೊಂಡೆ. ನಿಜವಾಗಿ ಅರ್ಥವಾದದ್ದು ಕೆಲವು ತಿಂಗಳುಗಳ ಮೇಲೆ, ಒಂದು ಪ್ಯಾರಾ ಕಳೆದುಕೊಂಡಾಗ.

ಬೇರೆ ಡೆಸ್ಕ್‌ಟಾಪ್‌ಗಳನ್ನು ಬಳಸಿ ನೋಡುವ ಪ್ರಯೋಗಕ್ಕೆ ಇಳಿಯುವ ಮೊದಲು ಮಾಡಿದ ಒಂದು ಕೆಲಸವನ್ನು ಯಾರಿಗಾದರೂ ಹೇಳಿಯೇ ಹೇಳುತ್ತೇನೆ. ಪ್ರತಿಯೊಂದು ಡೆಸ್ಕ್‌ಟಾಪಿಗೂ ಒಂದೊಂದು ಹೊಸ ಬಳಕೆದಾರ ಖಾತೆ ತೆರೆದೆ. ಒಂದೇ ಯಂತ್ರದಲ್ಲಿ ನಾಲ್ಕೈದು ಡೆಸ್ಕ್‌ಟಾಪ್‌ಗಳನ್ನು ಒಟ್ಟಿಗೆ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಲಾಗಿನ್ ಪರದೆಯಲ್ಲಿ ಯಾವುದು ಬೇಕೋ ಆರಿಸಿಕೊಂಡರಾಯಿತು. ಆದರೆ ಎಲ್ಲವನ್ನೂ ಒಂದೇ ಖಾತೆಯಿಂದ ಬಳಸಿದರೆ ಒಂದರ ಥೀಮು, ಅಕ್ಷರಗಾತ್ರ, ಆರಂಭದಲ್ಲೇ ಓಡುವ ಪ್ರೋಗ್ರಾಮುಗಳು ಇನ್ನೊಂದರೊಳಗೆ ನುಸುಳುತ್ತವೆ. ಹದಿನೈದು ದಿನ ಕಳೆದ ಮೇಲೆ ಯಾವ ದೋಷ ಯಾರದು ಎಂದು ಹೇಳಲಾಗದ ಸ್ಥಿತಿ ಬರುತ್ತದೆ. ಖಾತೆ ಬೇರೆಯಾದರೆ ಆ ಗೊಂದಲವೇ ಇಲ್ಲ. ಕೆಲಸದ ಕಡತಗಳನ್ನು ಎಲ್ಲ ಖಾತೆಗಳಿಗೂ ಸಿಗುವ ಒಂದು ಫೋಲ್ಡರಿನಲ್ಲಿ ಇಟ್ಟೆ. ಒಂದೊಂದಕ್ಕೂ ಎರಡು ವಾರ, ನಿಜವಾದ ಕೆಲಸ, ಪಕ್ಕದಲ್ಲಿ ಗೀಟಿನ ಹಾಳೆ. ಅಂದ ನೋಡಿ ಅಂಕ ಕೊಡುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೆ. ಅಂದ ಮೂರು ದಿನದಲ್ಲಿ ಕಣ್ಣಿಗೆ ಒಗ್ಗಿಹೋಗುತ್ತದೆ.

ಮೊದಲು ಗ್ನೋಮ್ ಅನ್ನೇ ಹೊಸ ಕಣ್ಣಿನಿಂದ ನೋಡಿದೆ. ಇಷ್ಟು ವರ್ಷ ಅದನ್ನು ಅದರ ದಾರಿಯಲ್ಲಿ ಬಳಸಿಯೇ ಇರಲಿಲ್ಲ. ಸೂಪರ್ ಕೀಲಿ (ವಿಂಡೋಸ್ ಗುರುತಿನ ಕೀಲಿ) ಒತ್ತಿದರೆ ತೆರೆದಿರುವುದೆಲ್ಲ ಹರಡಿಕೊಳ್ಳುತ್ತದೆ, ಎರಡು ಅಕ್ಷರ ಟೈಪಿಸಿದರೆ ಬೇಕಾದ ಪ್ರೋಗ್ರಾಮು ಬರುತ್ತದೆ, ವರ್ಕ್‌ಸ್ಪೇಸುಗಳು, ಅಂದರೆ ಕಿಟಕಿಗಳನ್ನು ಹಂಚಿಡುವ ಬೇರೆ ಬೇರೆ ಪರದೆಗಳು, ಬೇಕಾದಂತೆ ತಾವೇ ಹುಟ್ಟಿ ತಾವೇ ಅಳಿಯುತ್ತವೆ. ಸೂಪರ್ ಜೊತೆಗೆ ಎಡ, ಬಲ ಬಾಣ ಒತ್ತಿದರೆ ಕಿಟಕಿ ಅರ್ಧ ಪರದೆಗೆ ಅಂಟಿಕೊಳ್ಳುತ್ತದೆ. ಎರಡು ಕಿಟಕಿಗಳ ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಬೇಡ. ನನಗೆ ಬೇಕಾದದ್ದು ಮೂರು. ಅದಕ್ಕಾಗಿ ಎಕ್ಸ್‌ಟೆನ್ಶನ್ ಎಂಬ ಒಂದು ಸಣ್ಣ ಸೇರ್ಪಡೆ ಹಾಕಿಕೊಂಡೆ, ಚೆನ್ನಾಗಿಯೇ ನಡೆಯಿತು. ಎರಡನೆಯ ವಾರ ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದಾಗ ಅದು ಏಳಲೇ ಇಲ್ಲ. ಕಾರಣ ಹುಡುಕಿ ನೋಡಿದೆ. ಗ್ನೋಮ್ ಎಕ್ಸ್‌ಟೆನ್ಶನ್‌ಗಳು ಅದರ ಪರದೆಯನ್ನು ನಡೆಸುವ ಶೆಲ್ಲಿನ ಒಳಗೇ ಸೇರಿಕೊಂಡು ಓಡುತ್ತವೆ. ಒಂದೊಂದೂ ತಾನು ಯಾವ ಆವೃತ್ತಿಗಳಿಗೆ ಹೊಂದುತ್ತೇನೆಂದು ಬರೆದುಕೊಂಡಿರಬೇಕು. ಆರು ತಿಂಗಳಿಗೊಮ್ಮೆ ಹೊಸ ಗ್ನೋಮ್ ಬರುತ್ತದೆ. 2023ರ 45ನೆಯ ಆವೃತ್ತಿಯಲ್ಲಂತೂ ಕೋಡ್ ಸೇರಿಸುವ ವಿಧಾನವೇ ಬದಲಾಗಿ ಹಳೆಯ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ತಿದ್ದಬೇಕಾಯಿತು. ಬಿಡುವಿನ ವೇಳೆಯಲ್ಲಿ ಅದನ್ನು ಬರೆದುಕೊಟ್ಟವರ ಮೇಲೆ ನನಗೆ ದೂರಿಲ್ಲ. ನನ್ನ ದಿನದ ಕೆಲಸ ಪೂರ್ತಿಯಾಗಿ ಒಂದು ಎಕ್ಸ್‌ಟೆನ್ಶನ್‌ಗೆ ನೇತುಬಿದ್ದಿರುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಬಗ್ಗೆ ಬರೆಯಲು ಹೆಚ್ಚಿಲ್ಲ, ಅದೇ ಅದರ ಹಿರಿಮೆ. ಮೆನು ಇರಬೇಕಾದಲ್ಲಿ ಮೆನು, ಗಡಿಯಾರ ಇರಬೇಕಾದಲ್ಲಿ ಗಡಿಯಾರ. ಕಿಟಕಿಯನ್ನು ಪರದೆಯ ಮೂಲೆಗೆ ಎಳೆದರೆ ಕಾಲು ಭಾಗಕ್ಕೆ ಕೂರುತ್ತದೆ. ಗೀಟುಗಳು ಅರವತ್ತರ ಆಸುಪಾಸಿಗೆ ಇಳಿದವು. ಹಳೆಯ ಯಂತ್ರದ ಮೇಲೂ ಹಗುರವಾಗಿ ಓಡುತ್ತದೆ. ಹಗುರ ಎಂಬುದನ್ನು ನಾನು ಆರಿಸುವ ಕಾರಣವಾಗಿ ಎಣಿಸಲಿಲ್ಲ, ಏಕೆಂದರೆ ಡೆಸ್ಕ್‌ಟಾಪಿನಲ್ಲಿ ಉಳಿಸಿದ ಕೆಲವು ನೂರು ಎಂಬಿ ಮೆಮೊರಿಯನ್ನು ಬ್ರೌಸರಿನ ನಾಲ್ಕು ಟ್ಯಾಬುಗಳು ನುಂಗಿಬಿಡುತ್ತವೆ.

ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದಲ್ಲಿ ಕಳೆದ ಎರಡು ವಾರಗಳು ನಿಜವಾಗಿಯೂ ಸಂತೋಷದವು. 2023ರ 5.27ನೆಯ ಆವೃತ್ತಿಯಿಂದ ಅದರಲ್ಲಿ ಪರದೆಯನ್ನು ನಮಗೆ ಬೇಕಾದ ಖಾನೆಗಳಾಗಿ ಕೊರೆದುಕೊಳ್ಳುವ ಸೌಲಭ್ಯವಿದೆ: ಮೆಟಾ (ಸೂಪರ್ ಕೀಲಿಗೆ ಇಲ್ಲಿನ ಹೆಸರು) ಮತ್ತು ಟಿ ಒತ್ತಿದರೆ ಖಾನೆಗಳ ನಕ್ಷೆ ತೆರೆಯುತ್ತದೆ, ಶಿಫ್ಟ್ ಹಿಡಿದು ಕಿಟಕಿಯನ್ನು ಎಳೆದರೆ ಖಾನೆಯೊಳಗೆ ಕೂರುತ್ತದೆ. ಮೂಲಕ್ಕೊಂದು, ಅನುವಾದಕ್ಕೊಂದು, ಕೆಳಗೆ ನಿಘಂಟಿಗೊಂದು. ಮೊದಲೇ ಈ ಡೆಸ್ಕ್‌ಟಾಪ್ ನನಗೆ ಸಿಕ್ಕಿದ್ದರೆ ಹುಡುಕಾಟಕ್ಕೆ ಹೊರಡುತ್ತಲೇ ಇರಲಿಲ್ಲ. ಆದರೂ ಪ್ರತಿ ಬೆಳಗ್ಗೆ ಕಿಟಕಿಗಳನ್ನು ಒಂದೊಂದಾಗಿ ಎಳೆದು ಕೂರಿಸುವ ಕೆಲಸ ನನ್ನ ಕೈಯಲ್ಲೇ ಉಳಿದಿತ್ತು. ಕಿಟಕಿ ತೆರೆಯುವ ಮೊದಲೇ ಅದರ ಜಾಗ ನಿಶ್ಚಯವಾಗಿರಬೇಕು ಎಂಬ ಆಸೆ ಅಲ್ಲಿಂದ ಶುರುವಾಯಿತು. ಅದೇ ನನ್ನನ್ನು ಐತ್ರೀ ಕಡೆಗೆ ಕರೆದೊಯ್ದಿತು.

ಐತ್ರೀ ಎಂಬುದು ಮೈಕೇಲ್ ಸ್ಟಾಪೆಲ್‌ಬರ್ಗ್ 2009ರಲ್ಲಿ ಆರಂಭಿಸಿದ ಟೈಲಿಂಗ್ ವಿಂಡೋ ಮ್ಯಾನೇಜರ್. ಇದರಲ್ಲಿ ಕಿಟಕಿಗಳು ಒಂದರ ಮೇಲೊಂದು ಬೀಳುವುದಿಲ್ಲ. ನೆಲಕ್ಕೆ ಹಾಸುಗಲ್ಲು ಜೋಡಿಸಿದ ಹಾಗೆ ಪಕ್ಕಪಕ್ಕದಲ್ಲಿ ಕೂರುತ್ತವೆ. ಮೊದಲ ಸಲ ಒಳಹೊಕ್ಕಾಗ ಅದು ಎರಡೇ ಪ್ರಶ್ನೆ ಕೇಳಿತು: ಸೆಟ್ಟಿಂಗ್ಸ್ ಬರೆದಿಡುವ ಕಾನ್ಫಿಗ್ ಕಡತ ಬರೆದುಕೊಡಲೇ, ಮುಖ್ಯ ಕೀಲಿ ಸೂಪರ್ ಇರಲೇ ಆಲ್ಟ್ ಇರಲೇ. ಉತ್ತರಿಸಿದೆ. ಬರಿದಾದ ಪರದೆ, ಕೆಳಗೊಂದು ಸಣ್ಣ ಪಟ್ಟಿ, ಅಷ್ಟೆ. ಸೂಪರ್ ಜೊತೆ ಎಂಟರ್ ಒತ್ತಿದೆ, ಆದೇಶಗಳನ್ನು ಟೈಪಿಸುವ ಟರ್ಮಿನಲ್ ಇಡೀ ಪರದೆ ತುಂಬಿತು. ಮತ್ತೆ ಒತ್ತಿದೆ, ಪರದೆ ಸರಿಯಾಗಿ ಇಬ್ಭಾಗವಾಯಿತು. ಗೋಡೆ ಎಬ್ಬಿಸುವವರ ಕೈಚಳಕ ನೋಡಿದಂತಾಯಿತು.

ಮೂರು ಕಿಟಕಿಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದರ ಸ್ಕ್ರ್ಯಾಚ್‌ಪ್ಯಾಡಿನಲ್ಲಿ. ಒಂದು ಕಿಟಕಿಯನ್ನು ಅಲ್ಲಿಗೆ ಕಳಿಸಿಬಿಟ್ಟರೆ ಅದು ಯಾವ ವರ್ಕ್‌ಸ್ಪೇಸಿನಲ್ಲೂ ಕಾಣಿಸುವುದಿಲ್ಲ. ಸೂಪರ್ ಜೊತೆ ಮೈನಸ್ ಕೀಲಿ ಒತ್ತಿದರೆ ಪರದೆಯ ನಡುವೆ ತೇಲಿ ಬರುತ್ತದೆ, ಅದೇ ಕೀಲಿ ಮತ್ತೆ ಒತ್ತಿದರೆ ಮರೆಯಾಗುತ್ತದೆ. ನಿಘಂಟನ್ನು ಅಲ್ಲಿ ಇರಿಸಿದೆ. ಪದ ಬೇಕು, ಕೀಲಿ, ಸಿಕ್ಕಿತು, ಕೀಲಿ. ಎಡಬಲದಲ್ಲಿ ಮೂಲವೂ ಅನುವಾದವೂ ಒಂದು ಕೂದಲೆಳೆಯೂ ಕದಲದೆ ನಿಂತಿರುತ್ತವೆ. ಆ ವಾರದ ಒಂದು ಬೆಳಗ್ಗೆ ನಾಲ್ಕು ಪುಟ ಒಂದೇ ಉಸಿರಿನಲ್ಲಿ ಮುಗಿಸಿದ್ದು ನೆನಪಿದೆ. ಹಾಳೆಯಲ್ಲಿ ಅಂದು ಒಂಬತ್ತು ಗೀಟು.

ಹಾಗಿದ್ದರೂ ಸಂಸಾರ ಬಿಟ್ಟು ಒಬ್ಬನನ್ನೇ ಮನೆಗೆ ಕರೆತಂದದ್ದರ ಅರ್ಥ ಒಂದೊಂದಾಗಿ ತಿಳಿಯತೊಡಗಿತು. ಪರದೆಯ ಬೆಳಕು ಹೆಚ್ಚಿಸುವ ಕೀಲಿ ಒತ್ತಿದರೆ ಏನೂ ಆಗಲಿಲ್ಲ, ಏಕೆಂದರೆ ಅದಕ್ಕೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಬ್ರೈಟ್‌ನೆಸ್‌ಸಿಟಿಎಲ್ ಎಂಬ ಪ್ರೋಗ್ರಾಮು ಹಾಕಿ, ಕೀಲಿಗೆ ಕಟ್ಟಿ, ಎರಡು ಸಾಲು ಬರೆದೆ. ಪೆನ್‌ಡ್ರೈವ್ ಚುಚ್ಚಿದರೆ ತಾನಾಗಿ ತೆರೆಯಲಿಲ್ಲ. ಸೂಚನೆಗಳು ಕಾಣಿಸಲಿಲ್ಲ. ಆಡಳಿತದ ಪಾಸ್‌ವರ್ಡ್ ಬೇಕಾದ ಪ್ರೋಗ್ರಾಮು ಅದನ್ನು ಕೇಳದೆಯೇ ಸೋತು ಮುಚ್ಚಿಕೊಂಡಿತು. ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯನ್ನು ತೋರಿಸಲು ಪೋಲ್‌ಕಿಟ್ ಏಜೆಂಟ್ ಎಂಬ ಇನ್ನೊಂದು ಪ್ರೋಗ್ರಾಮು ಓಡುತ್ತಿರಬೇಕಂತೆ. ಇವೆಲ್ಲ ಒಂದೊಂದು ಸಂಜೆಯ ಕೆಲಸ. ಲ್ಯಾಪ್‌ಟಾಪಿನ ಮುಚ್ಚಳದ ಸಂಗತಿ ಮಾತ್ರ ನನ್ನನ್ನು ಬೆಚ್ಚಿಬೀಳಿಸಿತು. ಮುಚ್ಚಿದಾಗ ಯಂತ್ರ ನಿದ್ರೆಗೆ ಹೋಯಿತು, ತೆರೆದಾಗ ಪಾಸ್‌ವರ್ಡ್ ಕೇಳದೆ ನನ್ನ ಪತ್ರಗಳೆಲ್ಲ ಹಾಗೆಯೇ ಎದುರಿಗಿದ್ದವು. ನಿದ್ರೆಗೆ ಕಳಿಸುವುದು ಸಿಸ್ಟಂಡಿ ಎಂಬ ವ್ಯವಸ್ಥೆಯ ಮೂಲ ಪ್ರೋಗ್ರಾಮಿನ ಕೆಲಸ. ಬೀಗ ಹಾಕುವುದು ಡೆಸ್ಕ್‌ಟಾಪಿನ ಕೆಲಸ, ಆ ಡೆಸ್ಕ್‌ಟಾಪ್ ಈಗ ಇಲ್ಲ. ಬೀಗ ಹಾಕುವ ಐತ್ರೀಲಾಕ್, ನಿದ್ರೆಗೆ ಹೋಗುವಾಗ ಅದನ್ನು ಎಬ್ಬಿಸುವ ಎಕ್ಸ್‌ಎಸ್‌ಎಸ್-ಲಾಕ್ ಎರಡನ್ನೂ ಜೋಡಿಸಿ, ಹತ್ತು ಸಲ ಮುಚ್ಚಿ ತೆರೆದು ನೋಡಿದ ಮೇಲೆ ಸಮಾಧಾನವಾಯಿತು. ವಿಂಡೋ ಮ್ಯಾನೇಜರಿಗೆ ಹೊಸದಾಗಿ ಬರುವವರು ಬಣ್ಣ, ಅಂಚುಗಳನ್ನು ಮುಟ್ಟುವ ಮೊದಲು ಇದೊಂದನ್ನು ಮಾಡಿಕೊಳ್ಳಬೇಕು.

ಈಗ ಆ ಪ್ಯಾರಾ. ಅಧ್ಯಾಯವೊಂದರ ಕೊನೆಯ ಪ್ಯಾರಾ ಮುಂದಿನ ಅಧ್ಯಾಯಕ್ಕೆ ಸೇರಬೇಕಿತ್ತು. ಕತ್ತರಿಸಿದೆ, ಕಡತ ಉಳಿಸಿದೆ, ಕಿಟಕಿ ಮುಚ್ಚಿದೆ, ಮುಂದಿನ ಅಧ್ಯಾಯ ತೆರೆದು ಅಂಟಿಸಲು ಹೋದೆ. ಏನೂ ಬರಲಿಲ್ಲ. ಎಕ್ಸ್ ವ್ಯವಸ್ಥೆಯಲ್ಲಿ ಕತ್ತರಿಸಿದ ಪಠ್ಯ ಯಾವುದೋ ಸಾರ್ವಜನಿಕ ಜಾಗಕ್ಕೆ ಹೋಗಿ ಕೂರುವುದಿಲ್ಲ. ಅದು ಕತ್ತರಿಸಿದ ಪ್ರೋಗ್ರಾಮಿನ ಬಳಿಯೇ ಇರುತ್ತದೆ, ಅಂಟಿಸುವವರು ಕೇಳಿದಾಗ ಅದು ಕೊಡುತ್ತದೆ. ಆ ಪ್ರೋಗ್ರಾಮು ಮುಚ್ಚಿಹೋದರೆ ಪಠ್ಯವೂ ಹೋಯಿತು. ಇಷ್ಟು ವರ್ಷ ಹಾಗಾಗದಿದ್ದುದಕ್ಕೆ ಕಾರಣ, ಡೆಸ್ಕ್‌ಟಾಪಿನ ಹಿನ್ನೆಲೆಯಲ್ಲಿ ಕ್ಲಿಪ್‌ಬೋರ್ಡ್ ಮ್ಯಾನೇಜರ್ ಒಂದು ಓಡುತ್ತ ನನ್ನ ಪರವಾಗಿ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹೆಸರೇ ಕೇಳಿರದ ಆ ಪ್ರೋಗ್ರಾಮು ಅದೆಷ್ಟು ಪ್ಯಾರಾಗಳನ್ನು ಕಾಪಾಡಿತ್ತೋ. ಪ್ಯಾರಾವನ್ನು ಎರಡನೆಯ ಸಲ ಅನುವಾದಿಸಿದೆ. ಮೊದಲನೆಯದರಲ್ಲಿದ್ದ ಒಂದು ಕ್ರಿಯಾಪದ ಇಂದಿಗೂ ನೆನಪಿಗೆ ಬರಲೊಲ್ಲದು.

ಕನ್ನಡದ ಕಥೆ ಬೇರೆಯೇ ಇದೆ. ಗ್ನೋಮಿನಲ್ಲಿ ಐಬಸ್, ಅಂದರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಪ್ರೋಗ್ರಾಮು, ಡೆಸ್ಕ್‌ಟಾಪಿನೊಳಗೇ ಬೆರೆತಿರುವುದರಿಂದ ಸೆಟ್ಟಿಂಗ್ಸಿನಲ್ಲಿ ಕನ್ನಡ ಸೇರಿಸಿದರೆ ಮುಗಿಯಿತು. ಐತ್ರೀಯಲ್ಲಿ ಐಬಸ್ ಅನ್ನು ನಾನೇ ಎಬ್ಬಿಸಬೇಕು. ಜಿಟಿಕೆ, ಕ್ಯೂಟಿ, ಎಕ್ಸ್ ಈ ಮೂರು ಬಗೆಯ ಪ್ರೋಗ್ರಾಮುಗಳಿಗೂ ಅದು ಇದೆ ಎಂದು ಮೂರು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಪ್ರೋಗ್ರಾಮುಗಳು ಆರಂಭದಲ್ಲೇ ಓದಿಕೊಳ್ಳುವ ಸೂಚನೆಗಳು) ಮೂಲಕ ತಿಳಿಸಬೇಕು. ಅಷ್ಟು ಮಾಡಿದರೂ ಭಾಷೆ ಬದಲಾಗಲಿಲ್ಲ. ಭಾಷೆ ಬದಲಿಸಲು ಐಬಸ್ ಇಟ್ಟುಕೊಂಡಿರುವುದು ಸೂಪರ್ ಮತ್ತು ಸ್ಪೇಸ್. ಐತ್ರೀ ಅದೇ ಜೋಡಿಯನ್ನು ತೇಲುವ ಕಿಟಕಿಗೂ ಹಾಸಿದ ಕಿಟಕಿಗೂ ನಡುವೆ ಗಮನ ಬದಲಿಸಲು ಇಟ್ಟುಕೊಂಡಿದೆ. ಮೊದಲು ಕಸಿದುಕೊಳ್ಳುವುದು ವಿಂಡೋ ಮ್ಯಾನೇಜರೇ. ಐತ್ರೀಯ ಆ ಸಾಲನ್ನು ಬೇರೆ ಕೀಲಿಗೆ ಸರಿಸಿದ ಮೇಲೆ ಕಗಪ ಕೀಲಿವಿನ್ಯಾಸದಲ್ಲಿ ಕನ್ನಡ ಓಡತೊಡಗಿತು.

ಇನ್ನೊಂದು ಒತ್ತಕ್ಷರದ ಸಂಗತಿ. ಪ್ರೋಗ್ರಾಮುಗಳನ್ನು ತೆರೆಯಲು ಐತ್ರೀ ಜೊತೆ ಬಳಸುವ ಡಿಮೆನುವಿಗೆ ನನ್ನ ಕಡತಗಳ ಪಟ್ಟಿ ಕೊಟ್ಟರೆ 'ವಸ್ತ್ರ' ಎಂಬ ಹೆಸರು 'ವಸ್‌ತ್‌ರ' ಎಂದು ಕಾಣಿಸಿತು. ಯಾವ ವ್ಯಂಜನ ಯಾವುದರ ಕೆಳಗೆ ಇಳಿಯಬೇಕು ಎಂಬ ನಿಯಮಗಳು ಅಕ್ಷರಶೈಲಿಯ ಒಳಗೇ ಇರುತ್ತವೆ, ಆದರೆ ಅವನ್ನು ಓದಿ ಜೋಡಿಸುವ ಯಂತ್ರಾಂಗ ಬೇಕು. ಹಾರ್ಫ್‌ಬಝ್ ಎಂಬ ಲೈಬ್ರರಿ ಆ ಕೆಲಸ ಮಾಡುತ್ತದೆ, ಪಠ್ಯ ಬರೆಯುವ ಪ್ಯಾಂಗೊ ಎಂಬ ಇನ್ನೊಂದು ಲೈಬ್ರರಿ ಅದನ್ನು ಬಳಸುತ್ತದೆ. ಡಿಮೆನು ಎಕ್ಸ್‌ಎಫ್‌ಟಿ ಎಂಬ ಸರಳ ಲೈಬ್ರರಿಯ ಮೂಲಕ ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ಬರೆದುಬಿಡುತ್ತದೆ. ಡಿಮೆನುವಿನ ಬದಲಿಗೆ ಪ್ಯಾಂಗೊ ಬಳಸುವ ರೋಫಿ ಹಾಕಿಕೊಂಡೆ, ವಸ್ತ್ರ ವಸ್ತ್ರವಾಯಿತು. ಐತ್ರೀಯ ಕೆಳಪಟ್ಟಿಗೂ ಅಕ್ಷರಶೈಲಿಯ ಹೆಸರಿನ ಮುಂದೆ ಪ್ಯಾಂಗೊ ಎಂದು ಸೂಚಿಸಿದ ಮೇಲೆ ಶೀರ್ಷಿಕೆಗಳು ಸರಿಯಾದವು. ಕನ್ನಡದಲ್ಲಿ ಕೆಲಸ ಮಾಡುವವರು ಯಾವ ಪುಟ್ಟ ಸಾಧನ ಹಾಕಿಕೊಂಡರೂ ಮೊದಲು ಒಂದು ಒತ್ತಕ್ಷರವನ್ನು ಬರೆಸಿ ನೋಡುವುದು ಒಳ್ಳೆಯದು.

ಐತ್ರೀಯಲ್ಲಿ ಎಲ್ಲವೂ ನೆಲೆಗೆ ಬಂದಿತ್ತು ಎನ್ನುವಾಗ ಒಂದು ಮಧ್ಯಾಹ್ನ ಅಕ್ಕ ಒಂದು ಪುಟ ಮುದ್ರಿಸಿಕೊಳ್ಳಲು ನನ್ನ ಯಂತ್ರದ ಮುಂದೆ ಕುಳಿತಳು. ನಾನು ಪಕ್ಕದ ಕೋಣೆಯಲ್ಲಿದ್ದೆ.

"ಏನೋ ಇದು, ಕಂಪ್ಯೂಟರ್ ಕೆಟ್ಟಿದೆಯೇನೋ? ಏನೂ ಇಲ್ಲವಲ್ಲ ಇದರಲ್ಲಿ!" ಎಂದು ಕೂಗಿದಳು.

ಬಂದು ನೋಡಿದರೆ ಬರಿ ಪರದೆ. ಅದು ಕೆಟ್ಟಿಲ್ಲ, ಸೂಪರ್ ಜೊತೆ ಡಿ ಒತ್ತಬೇಕು ಎಂದೆ. "ಅದನ್ನು ಯಾರು ಹೇಳಬೇಕಿತ್ತು ನನಗೆ?" ಎಂದಳು ಅವಳು. ಆ ಪ್ರಶ್ನೆ ನ್ಯಾಯವಾದದ್ದು. ಮೆನು ಎಂಬುದು ಹೊಸಬರಿಗೆ ದಾರಿ ಹೇಳುವ ಫಲಕ. ನನಗೆ ದಾರಿ ಕೈಗೇ ಗೊತ್ತಿದ್ದುದರಿಂದ ಫಲಕ ಕಿತ್ತುಹಾಕಿದ್ದೆ, ಆದರೆ ದಾರಿಯಲ್ಲಿ ನಡೆಯುವವನು ನಾನೊಬ್ಬನೇ ಆಗಿರಲಿಲ್ಲ. ಅದೇ ಸಂಜೆ ಅವಳಿಗೆ ಬೇರೆ ಖಾತೆ ತೆರೆದು ಎಕ್ಸ್‌ಎಫ್‌ಸಿಇ ಕೊಟ್ಟೆ, ಮುದ್ರಕದ ಚಿತ್ರವನ್ನು ಪ್ಯಾನೆಲ್ಲಿನಲ್ಲಿ ಇಟ್ಟೆ. ಆ ಖಾತೆಯ ಬಗ್ಗೆ ಅವಳು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ಐತ್ರೀಯಿಂದ ನಾನು ಹೊರಬರಬೇಕಾದದ್ದು ಎರಡನೆಯ ಪರದೆ ಕೊಂಡಾಗ. ಲ್ಯಾಪ್‌ಟಾಪಿನ ಪರದೆ ಚಿಕ್ಕದು, ಚುಕ್ಕೆಗಳು ಒತ್ತೊತ್ತಾಗಿವೆ; ಹೊಸದು ದೊಡ್ಡದು, ಚುಕ್ಕೆಗಳು ವಿರಳ. ಎಕ್ಸ್ ವ್ಯವಸ್ಥೆಯಲ್ಲಿ ಅಕ್ಷರಗಳ ಅಳತೆಗೆ ಲಾಗಿನ್ ಆಗಿರುವಷ್ಟು ಹೊತ್ತೂ ಎಲ್ಲ ಪರದೆಗಳಿಗೆ ಒಂದೇ ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ). ಒಂದರಲ್ಲಿ ಅಕ್ಷರ ಸರಿಯಾಗಿ ಕಂಡರೆ ಇನ್ನೊಂದರಲ್ಲಿ ಇರುವೆ ಸಾಲಿನಂತೆಯೋ ಗೋಡೆಬರಹದಂತೆಯೋ ಕಾಣುತ್ತಿತ್ತು. ಒಂದು ವಾರ ಹೆಣಗಿ ಬಿಟ್ಟೆ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಎಕ್ಸ್‌ನ ಬದಲಿಗೆಂದು ಆರಂಭಿಸಿದ ವೇಲ್ಯಾಂಡಿನಲ್ಲಿ ಒಂದೊಂದು ಪರದೆಗೂ ಬೇರೆ ಅಳತೆ ಕೊಡಬಹುದು. ಅಲ್ಲಿ ಪರದೆಯ ಮೇಲೆ ಎಲ್ಲವನ್ನೂ ಕೂಡಿಸಿ ತೋರಿಸುವ ಕಂಪೋಸಿಟರೂ ವಿಂಡೋ ಮ್ಯಾನೇಜರೂ ಒಂದೇ ಪ್ರೋಗ್ರಾಮು. ಹಾಗಾಗಿ ಐತ್ರೀಯನ್ನು ಹಾಗೆಯೇ ಎತ್ತಿ ಅಲ್ಲಿ ಇಡಲಾಗದು. ಅದರ ಬದಲಿಗೆ, ಅದರ ಕಾನ್ಫಿಗ್ ಕಡತವನ್ನೇ ಓದಬಲ್ಲ ಸ್ವೇ ಎಂಬ ವೇಲ್ಯಾಂಡ್ ಕಂಪೋಸಿಟರ್ ಇದೆ.

ನನ್ನ ಕಡತವನ್ನು ಸ್ವೇಗೆ ನಕಲು ಮಾಡಿ ಒಳಹೊಕ್ಕೆ. ಕೀಲಿಗಳೆಲ್ಲ ಇದ್ದಂತೆಯೇ ಇದ್ದವು, ಸ್ಕ್ರ್ಯಾಚ್‌ಪ್ಯಾಡಿನಿಂದ ನಿಘಂಟು ಎದ್ದು ಬಂತು. ಲ್ಯಾಪ್‌ಟಾಪಿಗೆ 1.5, ದೊಡ್ಡ ಪರದೆಗೆ 1 ಎಂದು ಎರಡು ಸಾಲು ಬರೆದದ್ದೇ ತಡ, ಎರಡರಲ್ಲೂ ಅಕ್ಷರ ಒಂದೇ ಗಾತ್ರ. ಎಕ್ಸ್‌ಗೆಂದು ಬರೆದವನ್ನು ವೇಲ್ಯಾಂಡಿನಲ್ಲಿ ಓಡಿಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡುವ ಹಳೆಯ ಪ್ರೋಗ್ರಾಮೊಂದು ಮಾತ್ರ 1.5ರಲ್ಲಿ ಮಸುಕಾಗಿ ಕಾಣುತ್ತದೆ, ಅದನ್ನು ದೊಡ್ಡ ಪರದೆಯಲ್ಲಿ ತೆರೆಯುತ್ತೇನೆ. ಹಿಂದೆ ಜೋಡಿಸಿದ್ದ ಸಹಾಯಕರನ್ನು ಮತ್ತೆ ಬದಲಿಸಬೇಕಾಯಿತು: ಬೀಗಕ್ಕೆ ಸ್ವೇಲಾಕ್ ಮತ್ತು ಸ್ವೇಐಡಲ್, ಸೂಚನೆಗಳಿಗೆ ಮಾಕೊ, ಪರದೆಚಿತ್ರಕ್ಕೆ ಗ್ರಿಮ್ ಮತ್ತು ಸ್ಲರ್ಪ್, ಕನ್ನಡಕ್ಕೆ ಐಬಸ್ ಬದಲು ಎಫ್‌ಸಿಐಟಿಎಕ್ಸ್5. ಆನ್‌ಲೈನ್ ಸಭೆಯಲ್ಲಿ ಪರದೆ ಹಂಚಿಕೊಳ್ಳಲು ಚಿತ್ರವನ್ನು ಸಾಗಿಸುವ ಪೈಪ್‌ವೈರ್ ಜೊತೆಗೆ, ಪರದೆ ನೋಡಲು ಅನುಮತಿ ಕೊಡುವ, ಸ್ವೇಗೆ ಹೊಂದುವ ಪೋರ್ಟಲ್ ಎಂಬ ಪ್ರೋಗ್ರಾಮು ಬೇಕೆಂದು ತಿಳಿದದ್ದು ಸಭೆ ಶುರುವಾದ ಮೇಲೆ. ಅಂದು ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಿದೆ. ಈ ಸಲ ಒಂದೊಂದನ್ನೂ ಸಂಕಟ ಬಂದಾಗ ಹುಡುಕಲಿಲ್ಲ. ಡೆಸ್ಕ್‌ಟಾಪ್ ಮೌನವಾಗಿ ಮಾಡುತ್ತಿದ್ದ ಕೆಲಸಗಳ ಪಟ್ಟಿ ಆಗಲೇ ನನ್ನ ಬಳಿ ಇತ್ತು, ಸಭೆಯ ವಿಷಯವೊಂದು ಅದರಲ್ಲಿ ಇರಲಿಲ್ಲ, ಅಷ್ಟೆ. ಪಟ್ಟಿಯ ಮೊದಲನೆಯ ಸಾಲು ಕ್ಲಿಪ್‌ಬೋರ್ಡ್. ವೇಲ್ಯಾಂಡಿನಲ್ಲೂ ಆ ನಿಯಮ ಹಾಗೆಯೇ ಇದೆ.

ಹೀಗೆ ನನ್ನ ಖಾತೆಯಲ್ಲಿ ಸ್ವೇ, ಅಕ್ಕನ ಖಾತೆಯಲ್ಲಿ ಎಕ್ಸ್‌ಎಫ್‌ಸಿಇ. ಬೇರೆ ಎಲ್ಲ ಖಾತೆಗಳನ್ನು ಅಳಿಸಿದ್ದೇನೆ, ಪ್ಲಾಸ್ಮಾದ್ದೊಂದನ್ನು ಬಿಟ್ಟು. ಅದರ ಖಾನೆಗಳ ಸೌಲಭ್ಯ ಕೀಲಿಮಣೆಯ ಕಡೆಗೆ ಹೇಗೆ ಬೆಳೆಯುತ್ತದೆ ಎಂದು ನೋಡುವ ಆಸೆ ಇನ್ನೂ ಇದೆ. ಕಾನ್ಫಿಗ್ ಕಡತದ ಪ್ರತಿ ಸಾಲಿನ ಮೇಲೂ ಅದು ಏಕಿದೆ ಎಂದು ಕನ್ನಡದಲ್ಲೇ ಟಿಪ್ಪಣಿ ಬರೆದಿದ್ದೇನೆ, ಏಕೆಂದರೆ ಮೂರು ತಿಂಗಳ ಹಿಂದೆ ನಾನೇ ಬರೆದ ಸಾಲು ನನಗೇ ಅರ್ಥವಾಗದೆ ಅಳಿಸಿ, ಮರುದಿನ ಬೀಗ ಬೀಳದೆ ಹೋಗಿತ್ತು.

ಕಳೆದ ವಾರ ಮತ್ತೊಮ್ಮೆ ಹಾಳೆ ಇಟ್ಟುಕೊಂಡು ಕುಳಿತೆ. ಬೆಳಗ್ಗೆಯಿಂದ ಸಂಜೆಯವರೆಗೆ ಏಳು ಗೀಟು. ಅವುಗಳಲ್ಲಿ ಐದು, ಆ ಮಸುಕು ಪ್ರೋಗ್ರಾಮನ್ನು ದೊಡ್ಡ ಪರದೆಗೆ ಎಳೆದಾಗ ಬಿದ್ದವು. ಅದಕ್ಕೂ ಒಂದು ಸಾಲು ಬರೆದಿದ್ದೇನೆ. ಇನ್ನು ಅದು ತೆರೆಯುವುದೇ ಅಲ್ಲಿ.